ಮೈನಸ್ ನಲವತ್ತಕ್ಕೂ ಜಗ್ಗದ ಡಬ್ಬಿ

ಮೈಸೂರಿನಲ್ಲಿ ಎಂದಾದರೂ ಮೈನಸ್ 40 ಡಿಗ್ರಿ ಚಳಿ ಬಿದ್ದರೆ ನಮ್ಮ ಮನೆಯಲ್ಲಿ ಕೆಲಸ ನಿಲ್ಲಿಸದೆ ಉಳಿಯುವುದು ಒಂದೇ ಒಂದು. ಅದು ನಾನಂತೂ ಅಲ್ಲ. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಗೆ ಇಳಿದರೆ ಸಾಕು, ಮಂಕಿ ಟೋಪಿಯಿಂದ ಮೂಗೊಂದನ್ನೇ ಹೊರಗಿಟ್ಟು ಎರಡನೇ ಲೋಟ ಕಾಫಿಗೆ ಅರ್ಜಿ ಹಾಕಿಕೊಂಡು ಕೂರುವವನು ನಾನು. ಉಳಿಯುವುದು ಟೀವಿ ಸ್ಟ್ಯಾಂಡಿನ ಕೆಳಗಿರುವ ಅಲ್ಯೂಮಿನಿಯಂ ಡಬ್ಬಿ. ಮೈನಸ್ 40ರಿಂದ 75 ಡಿಗ್ರಿವರೆಗೆ ಹವೆ ಹೇಗಿದ್ದರೂ ದುಡಿಯುತ್ತೇನೆ ಎಂದು ಅದರ ಬೆನ್ನ ಮೇಲೆ ಅಚ್ಚು ಹಾಕಿದ್ದಾರೆ. ಇಂಡಸ್ಟ್ರಿಯಲ್ ಗ್ರೇಡ್ ವೈರ್‌ಲೆಸ್ ರೂಟರ್. ಗಣಿಯಲ್ಲೋ ಎಣ್ಣೆ ಬಾವಿಯಲ್ಲೋ ಜೀವ ತೇಯಬೇಕಾಗಿದ್ದ ಈ ಡಬ್ಬಿ ಸದ್ಯ ಕುವೆಂಪುನಗರದ ನಮ್ಮ ಮನೆಯಲ್ಲಿ ಶ್ರೀಮತಿಯ ಫೋನಿಗೆ ಚಕ್ಕುಲಿ ಹಿಟ್ಟಿನ ಹದ ಹೇಳಿಕೊಡುವ ವಿಡಿಯೋ ತಂದುಕೊಡುತ್ತಿದೆ. ಈವರೆಗೆ ಒಮ್ಮೆಯೂ ಚಳಿಯಿಂದ ಕೆಟ್ಟಿಲ್ಲ. ಇದನ್ನು ನಾನು ಆಗಾಗ ಮನೆಯವರ ಗಮನಕ್ಕೆ ತರುತ್ತಿರುತ್ತೇನೆ.

ಹಾಗೆ ನೋಡಿದರೆ ಅದನ್ನು ತಂದದ್ದು ಚಕ್ಕುಲಿಗಲ್ಲ, ಪಂಪ್‌ಸೆಟ್ಟಿಗೆ. ವರುಣ ದಾಟಿ ಟಿ. ನರಸೀಪುರದ ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮ ತೋಟವಿದೆ. ‘ನಮ್ಮ’ ಎಂದು ನಾನು ಅಂದಾಗಲೆಲ್ಲ ಶ್ರೀಮತಿ ಸಣ್ಣಗೆ ಕೆಮ್ಮುತ್ತಾಳೆ; ಪಹಣಿಯಲ್ಲಿರುವುದು ಅವಳ ಹೆಸರು. ಊರೊಳಗೆ ಮಾವನವರ ಕಾಲದ ಹೆಂಚಿನ ಮನೆ. ಅಲ್ಲಿಂದ ಮುಕ್ಕಾಲು ಕಿಲೋಮೀಟರ್ ಆಚೆ, ತಗ್ಗಿನಲ್ಲಿ, ತೆಂಗು, ಬಾಳೆ, ಒಂದು ಬೋರ್‌ವೆಲ್, ತಗಡಿನ ಪಂಪ್‌ಮನೆ. ಊರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಧಾರಾಳ. ತಗ್ಗಿಗೆ ಇಳಿದರೆ ಫೋನು ಟಾರ್ಚಿಗೆ ಮಾತ್ರ. ಸುತ್ತಮುತ್ತಲ ರೈತರು ಹಾಕಿಸಿಕೊಂಡಿರುವ ಮೊಬೈಲ್ ಸ್ಟಾರ್ಟರ್ ನಾವೂ ಹಾಕಿಸಿದೆವು. ಅದರೊಳಗೊಂದು ಸಿಮ್ ಇರುತ್ತದೆ; ಫೋನ್ ಮಾಡಿದರೆ ಮೋಟರ್ ಚಾಲೂ ಆಗಬೇಕು. ಮೈಸೂರಿನಲ್ಲಿ ಕೂತು ಮಾಡಿದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು ಹೆಣ್ಣುದನಿ. ಏಳೂವರೆ ಹಾರ್ಸ್‌ಪವರ್ ಮೋಟರಿಗೆ ಸಿಕ್ಕ ಆ ಬಹುವಚನ, ಸರ್ವಿಸಿನಲ್ಲಿದ್ದಾಗ ನನ್ನ ಬೆನ್ನ ಹಿಂದೆ ನನಗೆ ಸಿಕ್ಕದ್ದಿಲ್ಲ.

ತ್ರೀ ಫೇಸ್ ಕರೆಂಟು ಬರುವುದಕ್ಕೊಂದು ಹೊತ್ತುಗೊತ್ತಿಲ್ಲ. ಬಂದ ತಕ್ಷಣ ಆಟೋಮ್ಯಾಟಿಕ್ ಸ್ಟಾರ್ಟರ್ ಮೋಟರನ್ನು ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಬೋರಿನ ನೀರು ಇಳಿದಿರುತ್ತದೆ; ಮೋಟರ್ ನೀರಿಲ್ಲದೆ ಒಣಗಿ ಓಡುತ್ತದೆ; ವೈಂಡಿಂಗ್ ಸುಡುತ್ತದೆ. ಹಾಗೆ ಒಮ್ಮೆ ಸುಟ್ಟು, ಮೇಲೆತ್ತಿದ ಕೂಲಿ, ಸುತ್ತಿದ ಕೂಲಿ, ಮತ್ತೆ ಇಳಿಸಿದ ಕೂಲಿ ಎಂದು ಉದ್ದನೆಯ ಚೀಟಿ ಬಂದ ರಾತ್ರಿ ಊಟದ ಮೇಜಿನ ಮೇಲೆ ನಿರ್ಣಯವಾಯಿತು: ಅಲ್ಲಿ ಮೋಟರ್ ಓಡುತ್ತಿದೆಯೋ ಇಲ್ಲವೋ ಇಲ್ಲಿ ಗೊತ್ತಾಗಬೇಕು.

“ನನಗೆ ಬಿಡು,” ಎಂದೆ. ಪಾಲಿಟೆಕ್ನಿಕ್ಕಿನಲ್ಲಿ ತಲೆ ನರೆಯುವವರೆಗೆ ಆಂಟೆನಾ ಪಾಠ ಮಾಡಿ ನಿವೃತ್ತನಾದವನು ನಾನು. ಯಾಗಿ ಆಂಟೆನಾದ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಕಂಬದ ಮೇಲೆ ಕಟ್ಟಿದ್ದು ಮಾತ್ರ ಇಲ್ಲ. ಅದು ಸಿಲಬಸ್ಸಿನಲ್ಲಿ ಇರಲಿಲ್ಲ.

ತಂತಿಯಿಲ್ಲದೆ ಸುದ್ದಿ ಕಳಿಸುವ ವಿದ್ಯೆ ನಮ್ಮೂರಿಗೆ ಹೊಸದಲ್ಲ, ನಮ್ಮೂರ ಮೇಷ್ಟ್ರುಗಳಿಗೂ ಹೊಸದಲ್ಲ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಕೇಂದ್ರ ಶುರು ಮಾಡಿದರು. ಹಳೆಯ ಟ್ಯೂಬ್‌ಲೈಟು ಸುಡುವುದಕ್ಕಿಂತ ಕಡಿಮೆ ಶಕ್ತಿ ಅದು. ಆಕಾಶವಾಣಿ ಎಂಬ ಹೆಸರು ಇಡೀ ದೇಶದ ರೇಡಿಯೋಗೆ ಅಂಟುವ ಮೊದಲು ಮೈಸೂರಿನ ಆ ಕೇಂದ್ರಕ್ಕೆ ಅಂಟಿತ್ತು. ಆಮೇಲೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು.

ಈ ಕಥೆಯನ್ನು ಶ್ರೀಮತಿಗೆ ಹೇಳಿ, “ನೋಡು, ಅವರು ಸೈಕಾಲಜಿ ಮೇಷ್ಟ್ರು. ಎಲೆಕ್ಟ್ರಾನಿಕ್ಸ್ ಅವರ ಸಬ್ಜೆಕ್ಟೇ ಅಲ್ಲ. ಅವರೇ ಅಷ್ಟು ಮಾಡಿದರು ಅಂದಮೇಲೆ ನಾನು...” ಎಂದು, ಉಳಿದದ್ದನ್ನು ಅವಳೇ ಮುಗಿಸಲಿ ಎಂದು ಬಿಟ್ಟೆ.

“ಅವರಿಗೆ ಮನಸ್ಸು ಗೊತ್ತಿತ್ತು ರೀ. ಮೊದಲು ಮನೆಯವರನ್ನ ಒಪ್ಪಿಸಿರ್ತಾರೆ,” ಎಂದು ಮುಗಿಸಿದಳು.

ನನ್ನ ಮೊದಲ ಯೋಜನೆ ಭವ್ಯವಾಗಿತ್ತು. ನಮ್ಮ ತಾರಸಿಯಲ್ಲಿ ಒಂದು ಡಿಶ್, ತೋಟದಲ್ಲಿ ಒಂದು ಡಿಶ್, ನಡುವೆ 5.8 ಗಿಗಾಹರ್ಟ್ಸಿನ ನೇರ ಸಂಪರ್ಕ. ಸಿಮ್ ಬೇಡ, ರೀಚಾರ್ಜ್ ಬೇಡ. 2018ರಿಂದ ಈ ತರಂಗಗಳಿಗೆ ಲೈಸೆನ್ಸ್ ಕೂಡ ಬೇಡ. ಶಕ್ತಿಯ ಮಿತಿಯೊಳಗಿದ್ದು, ಉಪಕರಣಕ್ಕೆ ಸರ್ಕಾರದ ಅನುಮೋದನೆ ಇದ್ದರೆ ಆಯಿತು. ರಟ್ಟಿನ ಪೆಟ್ಟಿಗೆಯ ಮೇಲೆ 20 ಕಿಲೋಮೀಟರ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದೆ. ಹದಿನೈದರ ಆಸುಪಾಸು ಬಂತು. ಎದ್ದು ಕುಣಿಯುವುದೊಂದು ಬಾಕಿ. ಶ್ರೀಮತಿ ಬಂದು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

“ನಡುವೆ ಇದೇನ್ರೀ ಹಸಿರು? ಚಾಮುಂಡಿ ಬೆಟ್ಟ ಅಲ್ವಾ?”

ಹೌದು, ಚಾಮುಂಡಿ ಬೆಟ್ಟವೇ. ಸಮುದ್ರಮಟ್ಟದಿಂದ 3,489 ಅಡಿ. ಊರಿನ ನೆಲದಿಂದ ಲೆಕ್ಕ ಹಾಕಿದರೂ ಸಾವಿರ ಅಡಿ ಕಲ್ಲು. ದಿನಾ ಬೆಳಗ್ಗೆ ತಾರಸಿಯಿಂದ ಕೈಮುಗಿಯುವ ಬೆಟ್ಟ ನನ್ನ ಗೆರೆಯ ಮೇಲೆ ಕೂತಿರುವುದು ನನಗೇಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ನಾನು ನೋಡುತ್ತಿದ್ದದ್ದು ಪೆಟ್ಟಿಗೆಯ ಮೇಲಿನ ದಪ್ಪಕ್ಷರ. ಮೀಡಿಯಂ ವೇವ್ ರೇಡಿಯೋದ ಅಲೆ ನೂರಾರು ಮೀಟರ್ ಉದ್ದ. ನೆಲಕ್ಕೆ ಆತುಕೊಂಡು ಗುಡ್ಡ ಬಳಸಿ ಸಾಗುತ್ತದೆ. ನನ್ನ 5.8 ಗಿಗಾಹರ್ಟ್ಸಿನ ಅಲೆ 5 ಸೆಂಟಿಮೀಟರ್ ಚಿಲ್ಲರೆ. ಬಂಡೆ ಎದುರಾದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಇನ್ನೊಂದು ಮಗ್ಗುಲಲ್ಲಿ, ಇರುವೆ ಸಾಲಿನ ಅಕ್ಷರದಲ್ಲಿ, ಎರಡು ತುದಿಗೂ ಒಂದಕ್ಕೊಂದು ಕಾಣಬೇಕು ಎಂಬ ಷರತ್ತಿತ್ತು.

“ತಾಯಿಗೆ ಅಡ್ಡ ಹೋಗಬೇಡಿ,” ಎಂದಳು. ಬೆಟ್ಟದ ಮೇಲೆ ಒಂದು ರಿಪೀಟರ್ ಇಡಲು ಯಾರ ಅನುಮತಿ ಬೇಕು ಎಂದು ನಾನು ಯೋಚಿಸುವಷ್ಟರಲ್ಲಿ ಅಡುಗೆಮನೆಗೆ ಹೋಗಿಯಾಗಿತ್ತು.

ಯೋಜನೆ ಕುಗ್ಗಿತು. ಪಂಪ್‌ಮನೆಯಿಂದ ಊರ ಮನೆಯವರೆಗಿನ ಮುಕ್ಕಾಲು ಕಿಲೋಮೀಟರಿಗೆ ಮಾತ್ರ ನಮ್ಮ ಉಪಕರಣ. ಅಲ್ಲಿಂದ ಮೈಸೂರಿಗೆ ಮೊಬೈಲ್ ನೆಟ್‌ವರ್ಕ್ ಹೊತ್ತು ತರಲಿ. ಇಷ್ಟಕ್ಕೆ ಯಾವ ಡಬ್ಬಿ? ಸಲಹೆಗೆ ಭಾಮೈದನ ಹತ್ತಿರ ಹೋದೆ. ಅವನದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್, ಒಳಗೆ ಸಿಎನ್‌ಸಿ ಲೇತುಗಳು. ಕೂಲೆಂಟಿನ ಹುಳಿವಾಸನೆ, ಕಾಲಡಿ ನೆಲದ ನಡುಕ, ಕಬ್ಬಿಣ ಕಿರುಚುವ ಸದ್ದು. ಅವನು ಪ್ಯಾನೆಲ್ ಬೋರ್ಡಿನ ಬಾಗಿಲು ತೆಗೆದ. ಎಂಸಿಬಿಗಳು ಸಾಲಾಗಿ ಕೂತಿದ್ದ ಲೋಹದ ಪಟ್ಟಿಯ ಮೇಲೆಯೇ, ಅವುಗಳ ಪಕ್ಕ, ಈ ಡಬ್ಬಿ ಕೂತಿತ್ತು. ಮನೆಯ ರೂಟರಿಗಿರುವ ಹಾಗೆ ಚಾರ್ಜರ್ ಪಿನ್ ಇಲ್ಲ; 24 ವೋಲ್ಟಿನ ಎರಡು ವೈರುಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಒಳಗೆ ಫ್ಯಾನಿಲ್ಲ, ಮೈಯೆಲ್ಲ ಲೋಹದ ಏಣುಗಳು. ಬಿಸಿ ಅಲ್ಲಿಂದಲೇ ಹೊರಗೆ. ಪಕ್ಕದಲ್ಲಿ ದೊಡ್ಡ ಮೋಟರ್ ಧಡಕ್ಕನೆ ಶುರುವಾಯಿತು. ಶೆಡ್ಡಿನ ದೀಪಗಳೆಲ್ಲ ಒಮ್ಮೆ ಮಂಕಾದವು. ಡಬ್ಬಿಯ ಹಸಿರು ದೀಪ ಕದಲಲಿಲ್ಲ.

“ಮೊದಲು ಮನೆಗೆ ಹಾಕೋ ರೂಟರೇ ಇಟ್ಟಿದ್ವಿ ಭಾವ. ಮೋಟರ್ ಎದ್ದಾಗಲೆಲ್ಲ ಅದು ಮಲಗೋದು. ಈ ನಡುಕಕ್ಕೆ ಪಿನ್ನು ಸಡಿಲ ಆಗೋದು. ನಮಗೆ ಅರ್ಧ ದಿನ ಮಷಿನ್ ನಿಂತರೆ ಇದರ ರೇಟು ಹೋಯ್ತು. ಅದಕ್ಕೇ ಇದು.”

ವಿವೇಕದ ಮಾತು. ಅರ್ಧ ದಿನ ನಿಂತರೆ ಎಷ್ಟು ನಷ್ಟ ಎಂಬುದರ ಮೇಲೆ ಡಬ್ಬಿಯ ಬೆಲೆ ನಿರ್ಧಾರವಾಗಬೇಕು ಎಂದು ಅವನು ಹೇಳುತ್ತಿದ್ದ. ನನ್ನ ಕಣ್ಣು ಹಸಿರು ದೀಪದ ಮೇಲಿತ್ತು. ಒಂದಲ್ಲ, ಜೋಡಿ ಆರ್ಡರ್ ಮಾಡಿ ಮನೆಗೆ ಬಂದೆ.

ಆ ರಾತ್ರಿ ಶ್ರೀಮತಿಗೆ ಕ್ಯಾಟಲಾಗ್ ಪಾರಾಯಣ. ಮೈನಸ್ 40ರಿಂದ 75 ಡಿಗ್ರಿ ಎಂದು ಓದಿದೆ. “ಮೈನಸ್ ಯಾಕೆ ನಮಗೆ?” ಎಂದಳು. ನಾನು ಬಿಡಲಿಲ್ಲ. ಏಪ್ರಿಲ್ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ, ಬಿಸಿಲಿಗೆ ಒಡ್ಡಿದ ಪೆಟ್ಟಿಗೆಯೊಳಗೆ ಎಷ್ಟು ಕಾಯುತ್ತದೆ ಗೊತ್ತೇ? ಮನೆಯಲ್ಲಿಡುವ ರೂಟರಿಗೆ ಸಾಮಾನ್ಯವಾಗಿ 40 ಡಿಗ್ರಿ ಮಿತಿ. ಅದು ಅಲ್ಲಿ ಒಂದು ಬೇಸಿಗೆ ಕಾಣುವುದಿಲ್ಲ.

“ಸರಿ ಹಾಗಾದ್ರೆ. ಬಿಸಿಗೆಷ್ಟೋ ಅಷ್ಟು ದುಡ್ಡು ಕೊಡಿ. ಚಳಿದು ವಾಪಸ್ ಕೇಳಿ.”

ಮುಂದಿನ ಪುಟದಲ್ಲಿ ಐಪಿ 67 ಎಂದಿತ್ತು. ಮೊದಲ ಅಂಕಿ ಧೂಳಿನದು. 6 ಎಂದರೆ ಕಣವೂ ಒಳಗೆ ಹೋಗದು. ಎರಡನೆಯದು ನೀರಿನದು, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು. “ತೊಟ್ಟಿಗೆ ಬಿದ್ದರೆ ಅರ್ಧ ಗಂಟೆಯೊಳಗೆ ಎತ್ತಬೇಕು ಅನ್ನಿ,” ಎಂದು ಗಡಿಯಾರ ನೋಡಿದಳು. ಈ ಎರಡಂಕಿ ಸರ್ಟಿಫಿಕೇಟು ಹಲ್ಲಿಗೆ, ಕಣಜಕ್ಕೆ, ಕಟ್ಟಿರುವೆಗೆ ಅನ್ವಯಿಸುವುದು ಕೇಬಲ್ ಹೋಗುವ ತೂತಿನ ಗ್ಲ್ಯಾಂಡನ್ನು ನಾವು ಎಷ್ಟು ಬಿಗಿಯುತ್ತೇವೆ ಎಂಬುದರ ಮೇಲೆ. ಅದನ್ನು ಯಾವ ಕ್ಯಾಟಲಾಗೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ.

ಡಬ್ಬಿಗಳು ಬಂದವು. ತೋಟಕ್ಕೆ ಒಯ್ಯುವ ಮೊದಲು ತಾರಸಿಯಲ್ಲಿ ಪರೀಕ್ಷೆ. ಒಂದನ್ನು ಡಿಶ್ ಸಮೇತ ನೀರಿನ ಟ್ಯಾಂಕಿನ ಪಕ್ಕ, ಇನ್ನೊಂದನ್ನು ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದೆ. ಲ್ಯಾಪ್‌ಟಾಪ್ ಇಟ್ಟುಕೊಂಡು, “ಮೈನಸ್ ನಲವತ್ತೆಂಟು!” ಎಂದು ಮೆಟ್ಟಿಲಿಗೆ ಕೇಳುವ ಹಾಗೆ ಕೂಗಿದೆ. “ಬ್ಯಾಂಕಿನದಾ?” ಎಂದು ಕೆಳಗಿನಿಂದ ಗಾಬರಿಯ ದನಿ. ಸಿಗ್ನಲ್ಲಿನ ಅಳತೆ ಯಾವಾಗಲೂ ಮೈನಸ್ಸಿನಲ್ಲಿ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತೆಂದು ಲೆಕ್ಕ. ಅಷ್ಟರಲ್ಲಿ ಅವಳು ಬಕೆಟ್ ಹಿಡಿದು ಬಂದು ಎರಡು ಡಿಶ್‌ಗಳ ನಡುವೆ ಒದ್ದೆ ಸೀರೆ ಹರವಿದಳು. ಅಂಕಿ ಜಾರಿತು. ನೀರೆಂದರೆ ಈ ಅಲೆಗಳಿಗೆ ಆಗದು.

“ಅರ್ಧ ಸಿಗ್ನಲ್ ನಿನ್ನ ಸೀರೆಗೇ ಹೋಯ್ತು ಕಣೇ!”

“ಈ ವರ್ಷ ನನ್ನ ಸೀರೆಗೆ ಅಂತ ನೀವು ಖರ್ಚು ಮಾಡಿದ್ದು ಅದೊಂದೇ.”

ಬೀದಿಯಲ್ಲಿ ಸುದ್ದಿ ಹಬ್ಬಿತು. ಎಡಗಡೆ ಮನೆಯವರು ಬೆಳಗಿನ ವಾಕಿಂಗ್ ನಿಲ್ಲಿಸಿ, “ಟವರ್ ಹಾಕಿಸ್ತಿದೀರಂತೆ ಸಾರ್. ಬಾಡಿಗೆ ಎಷ್ಟು ಕೊಡ್ತಾರೆ?” ಎಂದರು. ಬಲಗಡೆ ಮನೆಯವರು, “ಮಕ್ಕಳಿರೋ ಬೀದಿ ಸಾರ್. ರೇಡಿಯೇಷನ್ನು...” ಎಂದರು. ಇಬ್ಬರಿಗೂ ಇದು ಒಂದು ವ್ಯಾಟನ್ನೂ ಮುಟ್ಟದ ಬಡಪಾಯಿ ಎಂದು ವಿವರಿಸಿದೆ. ಬಾಡಿಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎಡಗಡೆಯವರೂ ರೇಡಿಯೇಷನ್ ಪಕ್ಷ ಸೇರಿದರು.

ಊರಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಹೆಂಚಿನ ಮನೆಯ ಮೇಲೆ 20 ಅಡಿಯ ಜಿಐ ಪೈಪು, ಪಂಪ್‌ಮನೆಯ ಪಕ್ಕ ಇನ್ನೊಂದು. ನಡುವೆ ಪಕ್ಕದ ಹೊಲದವರ ಹುಣಸೆಮರ. ಅದರ ಕೊಂಬೆಗಳ ಕೆಳಗೆ ಬಗ್ಗಿ ನೋಡಿದರೆ ಆ ತುದಿಯ ಕಂಬ ಚೂರು ಕಾಣುತ್ತಿತ್ತು. ಕಂಡಿತಲ್ಲ, ಸಾಕು ಎಂದುಕೊಂಡೆ. ಸಾಕಾಗುವುದಿಲ್ಲ. ರೇಡಿಯೋ ಸಂಪರ್ಕ ದಾರದ ಹಾಗೆ ತೆಳ್ಳಗೆ ಹೋಗುವುದಿಲ್ಲ. ಎರಡು ತುದಿಯಲ್ಲಿ ಸಣ್ಣಗಿದ್ದು ನಡುವೆ ಹೊಟ್ಟೆ ಬಿಟ್ಟಿರುತ್ತದೆ. ಫ್ರೆನೆಲ್ ವಲಯ ಎಂದು ಅದರ ಹೆಸರು. ಮುಕ್ಕಾಲು ಕಿಲೋಮೀಟರಿಗೆ, 5.8 ಗಿಗಾಹರ್ಟ್ಸಿನಲ್ಲಿ, ನಟ್ಟನಡುವೆ ಅದರ ತ್ರಿಜ್ಯ ಸುಮಾರು 3 ಮೀಟರ್. ಅದರಲ್ಲಿ ನೂರಕ್ಕೆ ಅರವತ್ತು ಪಾಲಾದರೂ ಖಾಲಿ ಇರಬೇಕು. ಕಾಗದದ ಮೇಲೆ ಬರೆದು ತೋರಿಸಿದಾಗ ಶ್ರೀಮತಿ ಒಮ್ಮೆ ಚಿತ್ರವನ್ನೂ ಒಮ್ಮೆ ನನ್ನ ಷರಟಿನ ಗುಂಡಿಗಳನ್ನೂ ನೋಡಿ ಸುಮ್ಮನಾದಳು.

ಬೇಸಿಗೆಯಲ್ಲಿ ಹೇಗೋ ಕುಂಟುತ್ತಾ ನಡೆಯಿತು. ಪಂಪ್‌ಮನೆಯ ಕ್ಯಾಮೆರಾದ ಚಿತ್ರ ಮೈಸೂರಿಗೆ ಬಂತು; ಒಂದು ನವಿಲು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ತನ್ನನ್ನೇ ನೋಡಿಕೊಳ್ಳುತ್ತಿತ್ತು. ಬಂಧುಗಳಿಗೆಲ್ಲ ಕಳಿಸಿದೆ. ಮುಂಗಾರು ಹಿಡಿಯಿತು. ಹುಣಸೆಮರ ಚಿಗುರಿ, ಚಿಗುರೆಲ್ಲ ನೆನೆದು, ಆ ಹೊಟ್ಟೆಯನ್ನು ಪೂರ್ತಿ ತುಂಬಿತು. ನವಿಲು ಮೊದಲು ಚೌಕಚೌಕವಾಯಿತು, ಆಮೇಲೆ ಕಾಣೆಯಾಯಿತು.

ನನಗೆ ಬೇಸರವಾದಾಗಲೆಲ್ಲ ಬ್ಯಾಲಾಳನ್ನು ನೆನೆಯುತ್ತೇನೆ. ಬೆಂಗಳೂರಿನ ಹತ್ತಿರದ ಆ ಊರಿನಲ್ಲಿ ಇಸ್ರೋದವರ 32 ಮೀಟರ್ ಅಗಲದ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನಕ್ಕೆಂದು ಸಿದ್ಧವಾದದ್ದು. 2014ರಲ್ಲಿ ಮಂಗಳಯಾನ ಗುರಿ ಮುಟ್ಟಿದ ಮೇಲೆ 20 ಕೋಟಿ ಕಿಲೋಮೀಟರಿಗೂ ಆಚೆಯಿದ್ದ ನೌಕೆಯ ಪಿಸುಮಾತು ಅಲ್ಲಿ ಕೇಳಿಸಿತು. ಬೇಡದ ಗದ್ದಲ ಹೊರಗಿನಿಂದ ನುಗ್ಗದಿರಲೆಂದೇ ಬಟ್ಟಲಿನಂಥ ತಗ್ಗನ್ನು ಹುಡುಕಿ ಅವರು ಆರಿಸಿಕೊಂಡರು. ನಮ್ಮದೂ ತಗ್ಗೇ. ಅವರಿಗೂ ನನಗೂ ಇರುವ ವ್ಯತ್ಯಾಸವನ್ನು ಶ್ರೀಮತಿಗೆ ಬಿಡಿಸಿ ಹೇಳಿದೆ: ಮಂಗಳನಿಗೂ ಬ್ಯಾಲಾಳಿಗೂ ನಡುವೆ ಯಾರದೂ ಹುಣಸೆಮರವಿಲ್ಲ.

ಅವಳು ಸೊಪ್ಪು ಬಿಡಿಸುತ್ತಿದ್ದಳು.

“ರೀ, ಒಂದು ಕೇಳ್ತೀನಿ, ರೇಗಬೇಡಿ. ಅಲ್ಲಿಂದ ಇಲ್ಲಿಗೆ ಬರಬೇಕಾದ್ದು ಏನು?”

“ಡೇಟಾ.”

“ಅಂದ್ರೆ?”

“ಮೋಟರ್ ಓಡ್ತಿದೆಯೋ ಇಲ್ಲವೋ.”

“ಓಡ್ತಿದ್ರೆ ಹೂಂ. ಇಲ್ಲಾಂದ್ರೆ ಊಹೂಂ. ಅಷ್ಟೇ ತಾನೆ?”

“ಹಾಗೂ ಹೇಳಬಹುದು.”

“ಹೂಂ ಅನ್ನೋದಕ್ಕೆ ಅಷ್ಟು ದೊಡ್ಡ ಡಿಶ್ ಯಾಕ್ರೀ? ಮದುವೆ ಆದಾಗಿಂದ ನೀವು ಪೇಪರ್ ಹಿಂದಿನಿಂದಲೇ ಹೂಂ ಅಂತಿದೀರಿ. ಒಳಗೆ ಕುಕ್ಕರ್ ಕೂಗ್ತಿದ್ರೂ ನನಗೆ ಕೇಳುತ್ತೆ.”

ಒಂದು ಹೂಂ, ಇಲ್ಲವೇ ಒಂದು ಊಹೂಂ. ಒಂದು ಬಿಟ್ ಎನ್ನುವುದು ಇದಕ್ಕೇ. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯನ್ನು ಅಳೆಯಲು ಕೂತಾಗ ಹಿಡಿದ ಅಳತೆಗೋಲು ಇದೇ. ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ಎಷ್ಟು ತಂಡದ ಹುಡುಗರನ್ನು ಪಾಸು ಮಾಡಿಸಿದ್ದೇನೋ. ಕ್ಯಾಮೆರಾದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 20 ಲಕ್ಷ ಬಿಟ್ ಬೇಕು. ಅದಕ್ಕೆ ಅಗಲವಾದ ದಾರಿ ಬೇಕು, ನಡುವೆ ಎಲೆಯೂ ಅಲ್ಲಾಡಬಾರದು. ಒಂದು ಹೂಂಗೆ ಸೆಕೆಂಡಿಗೆ ಕೆಲವು ನೂರು ಬಿಟ್ ಸಾಗಿಸುವ ಕಿರುದಾರಿಯೇ ಹೆಚ್ಚಾಯಿತು. ಅಂಥದ್ದೊಂದಿದೆ, ಲೋರಾ ಎಂದು. ನಿಧಾನವಾಗಿ, ಒಂದೊಂದೇ ಮಾತನ್ನು ಎಳೆದೆಳೆದು ಹೇಳುತ್ತದೆ. ಹಾಗೆ ಎಳೆಯುವುದರಿಂದಲೇ ಗದ್ದಲದ ಅಡಿಯಲ್ಲಿ ಹೂತುಹೋದರೂ ಆ ತುದಿಯವರು ಹೆಕ್ಕಿಕೊಳ್ಳಬಲ್ಲರು. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಉಳಿದ ಹೊತ್ತೆಲ್ಲ ನಿದ್ದೆ ಮಾಡುವುದರಿಂದ ಸಣ್ಣ ಬ್ಯಾಟರಿಯಲ್ಲೇ ವರ್ಷಗಟ್ಟಲೆ ಬದುಕುತ್ತದೆ. ಬೆಲೆಯಲ್ಲಿ, ನನ್ನ ಅಲ್ಯೂಮಿನಿಯಂ ಡಬ್ಬಿಯ ಮುಂದೆ, ಹೇಳಿಕೊಳ್ಳುವ ಹಾಗಿಲ್ಲ.

ಹೂಂ ಎಂದುಬಿಟ್ಟೆ. ಅವಳಿಗೆ ಕೇಳಿಸಿತು.

ವಿಷಯ ತಿಳಿದು ಅಮೆರಿಕದಲ್ಲಿರುವ ಮಗಳು, “ಅಪ್ಪ, ಇಲ್ಲಿ ಸಿಗುತ್ತೆ, ಬರುವಾಗ ತರ್ತೀನಿ,” ಎಂದಳು. ಇಲ್ಲಿ ಮಾತ್ರ ನನ್ನ ವಿದ್ಯೆ ಮನೆಯ ದುಡ್ಡು ಉಳಿಸಿತು. ಅಲ್ಲಿ ಮಾರುವುದು 915 ಮೆಗಾಹರ್ಟ್ಸಿನದು. ಅವರ ದೇಶದಲ್ಲಿ 902ರಿಂದ 928ರವರೆಗೆ ಬಿಟ್ಟಿ. ನಮ್ಮಲ್ಲಿ ಆ ಓಣಿಯಲ್ಲಿ ಮೊಬೈಲ್ ಕಂಪನಿಗಳ ವಾಸ, ನುಗ್ಗಿದರೆ ಅಪರಾಧ. ಭಾರತದಲ್ಲಿ 2005ರಲ್ಲೇ ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದು 865ರಿಂದ 867. ಪೆಟ್ಟಿಗೆಯ ಮೇಲೆ ಈ ಅಂಕಿ ನೋಡದೆ ಕೊಂಡವರ ಕಪಾಟಿನಲ್ಲಿ ಏನೇನಿದೆಯೋ! ಈ ಕೆಳಗಿನ ತರಂಗಕ್ಕೆ ಹೊಟ್ಟೆ ಇನ್ನೂ ದೊಡ್ಡದು, ನಮ್ಮ ದೂರಕ್ಕೆ ನಡುವೆ 8 ಮೀಟರ್ ಆಗುತ್ತದೆ. ಆದರೆ ಎಲೆಗಳನ್ನು ಅದು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಹುಣಸೆಮರದೊಳಗಿಂದಲೇ ದಾಟಿತು.

ಒಂದು ವಿಷಯದಲ್ಲಿ ಮಾತ್ರ ನಾನು ಶ್ರೀಮತಿಯ ಮಾತೂ ಕೇಳಲಿಲ್ಲ. ಬಯಲಿನಲ್ಲಿ ಕಬ್ಬಿಣದ ಕಂಬ ನೆಟ್ಟ ಮೇಲೆ ಅರ್ಥಿಂಗ್ ಆಗಲೇಬೇಕು. ಸಿಡಿಲು ನೇರವಾಗಿ ಬೀಳಬೇಕಾಗಿಲ್ಲ. ಅಕ್ಕಪಕ್ಕ ಬಿದ್ದರೂ ವೈರಿನೊಳಗೆ ಏಳುವ ವೋಲ್ಟೇಜ್ ಡಬ್ಬಿಯನ್ನು ಮುಗಿಸುತ್ತದೆ. ಆಳುದ್ದದ ಗುಂಡಿ, ತಳದಲ್ಲಿ ತಾಮ್ರದ ತಗಡು, ಅದರ ಮೇಲೆ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು, ಮೇಲೆ ನೀರು. ಬಿಸಿಲು ತಗ್ಗಲೆಂದು ಸಂಜೆ ಶುರು ಮಾಡಿಸಿದೆ. ಗುಂಡಿ ಮುಗಿಯುವಾಗ ಕತ್ತಲಾಗಿತ್ತು. ಲಾಟೀನಿನ ಬೆಳಕಿನಲ್ಲಿ ನಾನು ಬಗ್ಗಿ ತಾಮ್ರದ ತಗಡಿನ ಮೇಲೆ ಇದ್ದಿಲು ಸುರಿಯುತ್ತಿದ್ದೆ. ಅಂದು ಅಮಾವಾಸ್ಯೆ ಎನ್ನುವುದು ನನ್ನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ಹುಣಸೆಮರದ ಯಜಮಾನರು ಬದುವಿನ ಆಚೆಯೇ ನಿಂತು ಕೇಳಿದರು: “ಯಾರ್ ಮೇಲೆ ಮಾಡುಸ್ತಾ ಇದ್ದೀರಿ ಮೇಷ್ಟ್ರೇ?”

“ಯಾರ ಮೇಲೂ ಇಲ್ಲ. ಸಿಡಿಲಿಗೆ.”

“ಸಿಡ್ಲನ್ನೇ ಕಟ್ ಹಾಕ್ತೀರಾ?”

“ಕಟ್ಟೋದಿಲ್ಲ ಯಜಮಾನರೇ, ಕರೆದು ನೆಲಕ್ಕೆ ಇಳಿಸ್ತೀನಿ.”

ಇದಕ್ಕಿಂತ ಕೆಟ್ಟದಾಗಿ ವಿವರಿಸಲು ಸಾಧ್ಯವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಗುಂಡಿಯ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದ ನಿಂಬೆಹಣ್ಣು ಬಂದು ಕೂತಿದ್ದವು. ತೋಟ ನೋಡಿಕೊಳ್ಳುವವರಿಗೆ, ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ದಿನಾ ಒಂದು ಕೊಡ ನೀರು ಹುಯ್ಯಿ ಎಂದು ಹೇಳಿಬಂದೆ. ಅವರು ಒಂದು ದಿನವೂ ತಪ್ಪಿಸಿಲ್ಲ. ಸ್ನಾನ ಮಾಡಿಕೊಂಡು, ಮಡಿಯಲ್ಲಿ ಹುಯ್ಯುತ್ತಾರಂತೆ. ಇಷ್ಟು ಶ್ರದ್ಧೆಯಿಂದ ಮೇಂಟೆನೆನ್ಸ್ ಮಾಡುವವರು ಹೆಬ್ಬಾಳದ ಯಾವ ಶೆಡ್ಡಿನಲ್ಲೂ ಸಿಗಲಿಕ್ಕಿಲ್ಲ ಎಂದು ಭಾಮೈದ ಹೊಟ್ಟೆಕಿಚ್ಚು ಪಟ್ಟ.

ಈಗ ವ್ಯವಸ್ಥೆ ಹೀಗಿದೆ. ಸ್ಟಾರ್ಟರ್ ಆನ್ ಆಗಿದ್ದ ಮಾತ್ರಕ್ಕೆ ಮೋಟರ್ ಓಡುತ್ತಿದೆ ಎಂದರ್ಥವಲ್ಲ. ಆದ್ದರಿಂದ ಮೋಟರಿಗೆ ಹೋಗುವ ಒಂದು ವೈರಿನ ಸುತ್ತ ಬಳೆಯಷ್ಟು ಅಗಲದ ಸಿ.ಟಿ. ಕಾಯಿಲ್ ತೊಡಿಸಿದೆ, ಕರೆಂಟು ಹರಿದರೆ ಅದಕ್ಕೆ ತಿಳಿಯುತ್ತದೆ. ಮೋಟರ್ ಓಡಿದರೂ ನೀರು ಬರಬೇಕಲ್ಲ? ಪೈಪಿನ ಬಾಯಲ್ಲಿ ಒಂದು ಫ್ಲೋ ಸ್ವಿಚ್. ಕರೆಂಟಿದ್ದು ನೀರಿಲ್ಲದಿದ್ದರೆ ಅಲ್ಲಿಯೇ ಮೋಟರ್ ಬಂದ್. ನಮ್ಮನ್ನು ಕೇಳಿಕೊಂಡು ಕೂರುವುದಿಲ್ಲ. “ಏನೂ ಸುದ್ದಿ ಬರದೇ ಇದ್ರೆ ಏನಂತ ತಿಳ್ಕೋಬೇಕು?” ಎಂದು ಶ್ರೀಮತಿ ಕೇಳಿದ ಮೇಲೆ, ಏನೂ ಬದಲಾಗದಿದ್ದರೂ ಕಾಲು ಗಂಟೆಗೊಮ್ಮೆ ಬದುಕಿದ್ದೇನೆ ಎಂದು ಹೇಳುವ ಏರ್ಪಾಡು ಸೇರಿತು. ಕಾರ್ಖಾನೆಗಳಲ್ಲೂ ಇದೇ ಪದ್ಧತಿ. ಅವರು ಇಂಜಿನಿಯರುಗಳನ್ನು ಇಟ್ಟುಕೊಂಡು ಕಲಿತರು. ಮಗಳು ಅಲ್ಲಿಂದಲೇ ಪ್ರೋಗ್ರಾಂ ಬರೆದು, ತೋಟದಿಂದ ಬರುವ ಒಂದು ಬಿಟ್ಟನ್ನು ಅಮ್ಮನ ಫೋನಿನಲ್ಲಿ ಅಮ್ಮನ ಭಾಷೆಯಲ್ಲೇ ಕಾಣಿಸುವಂತೆ ಮಾಡಿದ್ದಾಳೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ದಿಂಬಿನ ಪಕ್ಕ ಫೋನು ಬೆಳಗುತ್ತದೆ: ‘ಹೂಂ’. ಸಂದೇಶ ನನ್ನ ಫೋನಿಗೆ ಬರುವುದಿಲ್ಲ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಗಂತೆ.

ಜೋಡಿ ಡಬ್ಬಿಗಳಲ್ಲಿ ಒಂದನ್ನು ಭಾಮೈದ ಸ್ಪೇರ್ ಇರಲಿ ಎಂದು ಒಯ್ದ. ನಾನು ಕೊಟ್ಟ ಬೆಲೆ ಹೇಳಿದೆ. ಅವನು ಅಕ್ಕನ ಮುಖ ನೋಡಿದ. ಅಕ್ಕ ಇನ್ನೊಂದು ಬೆಲೆ ಹೇಳಿದಳು. ಇನ್ನೊಂದರ ಕಥೆ ನಿಮಗೆ ಗೊತ್ತೇ ಇದೆ.

ಬೀದಿಗೆ ಈ ಸಮಾಚಾರ ಹೇಗೋ ಮುಟ್ಟಿದೆ. ಮೊನ್ನೆ ಎಡಗಡೆ ಮನೆಯವರು ಗೇಟಿನ ಹತ್ತಿರ ನಿಂತು, ನನ್ನನ್ನು ದಾಟಿ ಒಳಗೆ ಕಣ್ಣು ಹಾಯಿಸಿ, “ಮೇಡಂ ಇದ್ದಾರಾ?” ಎಂದರು. ಅವರ ಮಗನದು ಹೂಟಗಳ್ಳಿಯಲ್ಲಿ ಗೋಡೌನ್. ಆಫೀಸು ಈ ಕಡೆ, ಗೋಡೌನು ಆ ಕಡೆ. ಅಲ್ಲಿಯ ಕ್ಯಾಮೆರಾ ಇಲ್ಲಿ ಕಾಣಬೇಕು. ಒಳ್ಳೆಯ ವೈರ್‌ಲೆಸ್ ಯಾವುದು ತೆಗೆದುಕೊಳ್ಳಲಿ? ನನ್ನ ಬಾಯಿ ತೆರೆದಿತ್ತು. 5.8 ಗಿಗಾಹರ್ಟ್ಸ್, 24 ವೋಲ್ಟ್, ಲೋಹದ ಮೈ, ಎಲ್ಲ ನಾಲಗೆಯ ತುದಿಗೆ ಬಂದಿದ್ದವು.

ಶ್ರೀಮತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಏನು ಬರಬೇಕು ಅಂದ್ರಿ, ಕ್ಯಾಮೆರಾನಾ? ಎಷ್ಟು ದೂರ?”

“ಎಂಬತ್ತು ಮೀಟರ್ ಇರಬಹುದು ಮೇಡಂ.”

“ನಡುವೆ ರಸ್ತೆಗಿಸ್ತೆ?”

“ಇಲ್ಲ, ಒಂದೇ ಕಾಂಪೌಂಡು.”

“ಮತ್ತೆ ವೈರ್‌ಲೆಸ್ ಯಾಕೆ? ನೂರು ಮೀಟರ್ ತನಕ ಕೇಬಲ್ಲೇ ಸಾಕು, ಎಳೆದುಬಿಡಿ. ನಮ್ಮನೆಯವರು ಬಂದು ಹಿಡ್ಕೋತಾರೆ. ಭಾನುವಾರ ಆಗುತ್ತಾ ರೀ?”